ಬ್ಯಾನರಿಗೆ ಬೇಕಾದ ಹೆಸರು

ಹೊಳೆ ಊರಿಗೆ ನುಗ್ಗಿ ನಾಲ್ಕು ದಿನವಾಗಿತ್ತು. ಶಾದಿಮಹಲಿನೊಳಗೆ, ಬಡವರಿಗೆ ದಾನ ಹಂಚುವ ಜಕಾತ್ ಸಮಿತಿಗೆ ಬಂದ ಇನ್ನೂರು ಅಕ್ಕಿ ಚೀಲಗಳು ಒಟ್ಟಿದ ಹಾಗೇ ಇದ್ದವು. ಹೊರಗೆ, ಮನೆ ಕಳೆದುಕೊಂಡವರ ಸಾಲಿನಲ್ಲಿ, ಬುರ್ಖಾ ತೊಟ್ಟ ಮುದುಕಿಯೊಬ್ಬಳು ಬೆಳಗಿನಿಂದ ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸಮಿತಿಯ ಕಾರ್ಯದರ್ಶಿ ಬಾಗಿಲಿಗೆ ಬಂದರು.

"ಇವತ್ತರ ಹಂಚ್ತೀರೇನ್ರಿ ಸಾಹೇಬ್ರ?" ಮುದುಕಿ ಕೇಳಿದಳು.

"ಬ್ಯಾನರ್ ಆಗಿಲ್ಲ, ಖಾಲಾ. ದಾನಿಗಳ ಹೆಸರು ಹಾಕಿ, ಫೋಟೋ ತೆಗೆಸಿನ ಕೊಡಬೇಕು ಅಂತ ಠರಾವು ಆಗೈತಿ."

"ಹಂಗಾರ ಹೆಸರು ಹಾಕ್ರಿ."

"ಅದ ಗೊತ್ತಿಲ್ಲಲ್ಲ! ಲಾರಿಯವ ಅಕ್ಕಿ ಇಳಿಸಿ ಒಂದು ನಂಬರ್ ಕೊಟ್ಟು ಹೋದ. ಮೆಸೇಜ್ ಹಾಕಿ ಕೇಳಿದ್ರ, 'ಹೆಸರು ಬ್ಯಾಡ, ಲಗೂನ ಹಂಚ್ರಿ' ಅಂತ ಉತ್ತರ ಬಂತು. ಆಮ್ಯಾಲೆ ಫೋನ್ ಎತ್ತವಲ್ರು."

"ಬ್ಯಾಡ ಅಂದವರ ಹೆಸರು ನಿಮಗ್ಯಾಕ್ರಿ? ಕೂಸುಗಳು ಹಸದು ಅಳಾಕತ್ತಾವ. ಕಿವಿಗೆ ಬೀಳವಲ್ದೇನು?" ಮುದುಕಿ ಸಿಟ್ಟಿನಿಂದ ಕೇಳಿದಳು.

"ನಿಮಗೇನು, ಅಕ್ಕಿ ಸಿಕ್ಕರ ಸಾಕು. ಕೊಟ್ಟವರ ಮರ್ಯಾದಿ ನಾವು ನೋಡಬೇಕಲ್ಲ?" ಕಾರ್ಯದರ್ಶಿ ರೇಗಿ ಜೇಬಿನಿಂದ ಮೊಬೈಲ್ ತೆಗೆದರು. "ನೋಡ್ರಿ, ನಿಮ್ಮ ಮುಂದನ ಹಚ್ತೀನಿ. ಈಗೂ ಎತ್ತೂದಿಲ್ಲ ಅವರು."

ನಂಬರ್ ಒತ್ತಿ, ಮೊಬೈಲನ್ನು ಕಿವಿಗಿಟ್ಟುಕೊಂಡರು.

ಮುದುಕಿಯ ಕೈಚೀಲದಲ್ಲಿ ಫೋನ್ ರಿಂಗಾಯಿತು.