ಎಡಮುರಿ ಬಸವನಹುಳು

ಫೋನಿನ ಹಿಂದಿನ ಕ್ಯಾಮೆರಾ ಒಡೆದಿದ್ದರಿಂದ ದಾಕ್ಷಾಯಣಿ ಸೆಲ್ಫಿ ಕ್ಯಾಮೆರಾದಲ್ಲೇ ಊರ ಗುಡ್ಡದಲ್ಲಿ ಸಿಕ್ಕ, ಅಂಗೈ ಮೇಲಿದ್ದ ಪುಟ್ಟ ಬಸವನಹುಳುವಿನ ಫೋಟೋ ತೆಗೆದು, ಹೆಸರು ತಿಳಿಯಲೆಂದು ಹುಳುಗಳ ತಜ್ಞರಿಗೆ ಕಳಿಸಿದ್ದಳು. ಅವರು ಕೂಡಲೇ ಫೋನ್ ಮಾಡಿದ್ದರು.

“ನಮ್ಮ ಕಡೆ ಇಂಥಾ ಹುಳದ ಚಿಪ್ಪಿನ ಸುರುಳಿಯೆಲ್ಲಾ ಬಲಮುರಿ ಇರ್ತಾವ್ರೀ. ನಿಮ್ಮದು ಎಡಮುರಿ! ಇದು ಹೊಸಾ ಜಾತಿನ ಇರಬೇಕು.”

ಗುಡ್ಡ ಒಡೆಯಲು ಬಂದ ಗಣಿಯ ವಿರುದ್ಧ ಅರ್ಜಿ ಬರೆದೂ ಬರೆದೂ ಊರಿನ ಕೈ ಸೋತಿತ್ತು. ಹೊಸ ಜಾತಿ ಇರಬಹುದೆಂಬ ಮಾತಿಗೇ ಬೆರಳಿನ ಉಗುರಿನಷ್ಟಿದ್ದ ಹುಳು ಗಣಿಯವರ ಸಿಡಿಮದ್ದು ನಿಲ್ಲಿಸಿತ್ತು. ಇವತ್ತು ತಜ್ಞರು ಬಂದು ಕಣ್ಣಾರೆ ನೋಡಬೇಕು. ಒಂದು ಎಡಮುರಿ ಹುಳು ಸಿಕ್ಕರೂ ಗುಡ್ಡ ಉಳಿಯುತ್ತದೆ, ಸಿಗದಿದ್ದರೆ ಸಂಜೆಗೇ ಮದ್ದು ಇಡುತ್ತಾರೆ.

ಬೆಳಗಿನಿಂದ ಓಣಿಯ ಹೆಂಗಸರು ಗುಡ್ಡದ ಕಲ್ಲುಗಳನ್ನೆಲ್ಲ ಮಗುಚಿದ್ದರು. ಬಸವನಹುಳುಗಳಿಗೇನೂ ಬರವಿರಲಿಲ್ಲ. ಆದರೆ ಸಿಕ್ಕವೆಲ್ಲ ಬಲಮುರಿಯೇ.

“ಅವತ್ತ ಸಿಕ್ಕಿದ್ದು ಇವತ್ತ್ಯಾಕ ಸಿಗವಲ್ದು ಯವ್ವಾ?” ಪಕ್ಕದ ಮನೆಯ ನೀಲವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು. “ಆ ಫೋಟೋ ಇನ್ನೊಮ್ಮೆ ತೋರಿಸು, ಹೆಂಗಿತ್ತು ನೋಡೂಣು.”

ಕೆಳಗೆ ತಜ್ಞರ ಜೀಪು ಬಂದು ನಿಂತ ಸದ್ದಾಯಿತು. ದಾಕ್ಷಾಯಣಿ ಅವಸರದಲ್ಲಿ ಫೋಟೋ ತೆರೆದು ಹಿಗ್ಗಿಸಿದಳು. ಹುಳುವಿನ ಪಕ್ಕದಲ್ಲೇ, ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿದ್ದ ಅವಳ ವಾಚಿನಲ್ಲಿ, ಅಂಕಿಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದವು.