ನೀಲಗಂಗವ್ವನ ಅಪ್ಪಣೆ

ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಪತ್ತೆಹಚ್ಚಲು ಡಾಕ್ಟರ್ ಮಂದಾಕಿನಿ ಆ ಊರಿನ ಮನೆಮನೆಗೂ ಅಲೆದು ಹೆಂಗಸರ ಸ್ಯಾಂಪಲ್ ಕೇಳುತ್ತಿದ್ದಳು. ನೀಲಗಂಗವ್ವನ ಮನೆಯಲ್ಲಿ ಮೂವರು ಸೊಸೆಯಂದಿರಿದ್ದರು. ಆದರೆ ಬಾಗಿಲಿಗೆ ಅಡ್ಡವಾಗಿ ಅತ್ತೆಯೇ ಕೂತಿದ್ದಳು.

“ನೋವಾಗೂದಿಲ್ರಿ ಅವ್ವಾರ. ಬಚ್ಚಲದಾಗ ಹೋಗಿ ಈ ನಳಿಗ್ಯಾಗಿನ ಹತ್ತಿಕಡ್ಡಿಲೆ ತಾವ ತಗೊಂಡು ಕೊಡಬಹುದು. ವೈರಸ್ ಮೊದಲ ಸಿಕ್ಕರ ಜೀವ ಉಳೀತೈತ್ರಿ.”

ಮುದುಕಿ ಒಳಮನೆಗೂ ಕೇಳುವಂತೆ ಗದರಿದಳು. “ನಮ್ಮನಿ ಸೊಸೆದೇರು ಇಂಥಾದ್ದು ಮಾಡಿದ್ರ ಕಾಲು ಮುರೀತೀನಿ!”

ಮಂದಾಕಿನಿ ಮುಖ ಸಣ್ಣದು ಮಾಡಿಕೊಂಡು ಹಿತ್ತಲ ಬದಿಯಿಂದ ಜೀಪಿನತ್ತ ನಡೆದಳು. ಬೇಲಿಯಾಚೆಯಿಂದ ಹಿರಿಸೊಸೆ ಕೈಮಾಡಿ ಕರೆದಳು.

“ನನಗೊಂದು ನಳಿಗಿ ಕೊಡ್ರಿ. ನಮ್ಮ ಅತ್ತಿಯವರಿಗೆ ಗೊತ್ತಾಗಬಾರದು ನೋಡ್ರಿ.”

ಅವಳು ಸ್ಯಾಂಪಲ್ ಕೊಟ್ಟುಹೋದ ಬೆನ್ನಿಗೇ ನಡುವಿನವಳೂ ಬಂದಳು. ಅತ್ತೆಯ ಜೊತೆಗೆ ಅಕ್ಕನಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಳು. ನಗು ತಡೆದುಕೊಂಡು ಮಂದಾಕಿನಿ ಜೀಪು ಹತ್ತುವಷ್ಟರಲ್ಲಿ ನೀಲಗಂಗವ್ವ ಕೋಲೂರಿಕೊಂಡು ಎದುರಿಗೇ ಬಂದು ನಿಂತಳು. ಮಂದಾಕಿನಿ ನಳಿಗೆಗಳ ಚೀಲವನ್ನು ಬೆನ್ನ ಹಿಂದೆ ಸರಿಸಿದಳು.

“ಸೊಸೆದೇರು ಕೊಟ್ರೇನು?”

“ಇಲ್ರಿ ಅವ್ವಾರ, ಯಾರೂ...”

“ಸುಳ್ಳು ಹೇಳಬ್ಯಾಡ. ಹಿತ್ತಲದಾಗ ಇಬ್ಬರು ಬಂದು ಹೋದದ್ದು ನಾ ನೋಡೀನಿ. ಸಣ್ಣಾಕಿ ಬಂದ್ಲೇನು?”

“ಆಕಿ ಖರೇನ ಬಂದಿಲ್ರಿ!”

ಮುದುಕಿಯ ದನಿ ತಗ್ಗಿತು. “ನಮ್ಮಕ್ಕ ಇದ ಬ್ಯಾನ್ಯಾಗ ಹೋದ್ಲವಾ. ನಾ ಬ್ಯಾಡ ಅಂದ್ರನ ಈ ಸೊಸೆದೇರು ಮಾಡೂದು. ಚೂರು ತಡಿ, ಸಣ್ಣಾಕಿಗೆ ಇನ್ನೊಮ್ಮೆ ಜೋರಾಗಿ ಬ್ಯಾಡ ಅಂದು ಬರ್ತೀನಿ.”