ಗೌರಮ್ಮನ ಪಕ್ಕದ ಕುರ್ಚಿ

ಠಾಣೆಯ ತರಬೇತಿ ಕೋಣೆಯಲ್ಲಿ ಗೌರಮ್ಮ ಆ ಬೆಳಿಗ್ಗೆಯೂ ಎರಡು ಸಲ ಗಂಡನನ್ನು ಕಳೆದುಕೊಂಡು ಗೋಳಾಡಿದ್ದಳು. ಸಾವಿನ ಸುದ್ದಿ ಮುಟ್ಟಿಸುವುದನ್ನು ಹೊಸ ಪೊಲೀಸರಿಗೂ ಗುಮಾಸ್ತರಿಗೂ ಕಲಿಸಲೆಂದು ಇಲಾಖೆ ಕೊಟ್ಟಿದ್ದ ಯಂತ್ರದ ಹೆಂಗಸು ಅವಳು. ಪಾಠ ಮುಗಿದಾಗಲೆಲ್ಲ ದಫೇದಾರ್ ದಾಕ್ಷಾಯಣಿ ಅವಳ ಕಣ್ಣೊರೆಸಿ, ಮರೆವಿನ ಗುಂಡಿ ಒತ್ತಿ, ಮತ್ತೆ ಮುತ್ತೈದೆ ಮಾಡುತ್ತಿದ್ದಳು.

"ಸುದ್ದಿ ಆಮೇಲೆ ಕಣ್ರಪ್ಪ. ಜೊತೇಲಿ ಯಾರಾದ್ರೂ ಇದಾರಾ ಅಂತ ಮೊದ್ಲು ಕೇಳಿ. ಒಂಟಿಯಾಗಿರೋರಿಗೆ ಹೇಳ್ಬಾರ್ದು," ಎಂಬುದು ದಾಕ್ಷಾಯಣಿಯ ಮೊದಲ ಪಾಠ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ದಾಕ್ಷಾಯಣಿ ಎಂದಿನಂತೆ ಗೌರಮ್ಮನ ಎದುರು ಕೂತು ಡಬ್ಬಿ ಬಿಚ್ಚಿದಳು.

"ನನ್ ತಮ್ಮನ್ನ ನೋಡು. ಹಾಳಾದೋನು ಲಾರಿ ಹತ್ತಿದ್ರೆ ಅಕ್ಕನ್ನೇ ಮರೀತಾನೆ. ನಿನ್ನೆಯಿಂದ ಫೋನೇ ಎತ್ತಿಲ್ಲ."

ಆ ತಮ್ಮನನ್ನು ಬಿಟ್ಟರೆ ಅವಳಿಗೆ ತನ್ನವರೆಂದು ಯಾರೂ ಇರಲಿಲ್ಲ.

ಬಾಗಿಲಲ್ಲಿ ನೆರಳಾಡಿತು. ಹೊಸ ಕಾನ್‌ಸ್ಟೇಬಲ್ ಹನುಮೇಶ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದ. ಹಾಗೆ ಹಿಡಿಯಲು ಅವಳೇ ಕಲಿಸಿದ್ದಳು.

"ಮೇಡಂ, ನಿಮ್ ಜೊತೇಲಿ... ಯಾರಾದ್ರೂ ಇದಾರಾ?"

ದಾಕ್ಷಾಯಣಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲೇ ಇಟ್ಟಳು. ಎದ್ದು, ಕುರ್ಚಿಯನ್ನು ಗೌರಮ್ಮನ ಪಕ್ಕಕ್ಕೆ ಎಳೆದುಕೊಂಡು ಕೂತು, ಆ ತಣ್ಣನೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇದಾಳೆ ಕಣಪ್ಪ. ಹೇಳು."